ಶತಪಥದ ಕರೆಂಟು

ವಿದ್ಯುತ್ ಕಚೇರಿಯ ದೂರು ವಿಭಾಗದ ಗುಮಾಸ್ತನಿಗೆ ಎಲ್ಲ ಕೆಲಸವೂ ಬರುತ್ತಿತ್ತು, ಕೂರುವುದೊಂದು ಬಿಟ್ಟು. ಸಣ್ಣದೊಂದು ಚಿಂತೆ ತಲೆಗೆ ಹೊಕ್ಕರೆ ಸಾಕು, ಕುರ್ಚಿಗೆ ಮುಳ್ಳು ಹುಟ್ಟಿದಂತೆ ಎದ್ದುಬಿಡುತ್ತಿದ್ದ. ಎದ್ದವನು ಕೈಗಳನ್ನು ಹಿಂದೆ ಕಟ್ಟಿಕೊಂಡು ಗೋಡೆಯಿಂದ ಗೋಡೆಗೆ ಶತಪಥ ಹಾಕುತ್ತಿದ್ದ. ಹಾಲಿನವನು ತಡಮಾಡಿದರೆ ಅಡುಗೆಮನೆಯಿಂದ ಬಾಗಿಲವರೆಗೆ, ಬಸ್ಸು ತಡಮಾಡಿದರೆ ಕಂಬದಿಂದ ಕಂಬಕ್ಕೆ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ, ಗಂಡ ಏನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎಂದು ತಿಳಿದು ತಾನೂ ಹಿಂದೆ ಹಿಂದೆ ನೆಲ ನೋಡುತ್ತಾ ನಡೆದಿದ್ದಳಂತೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದಂತೆ ಕಚೇರಿಗೂ ಬೀದಿಗೂ ಅವನು ಶತಪಥ.

ಆ ದಿನ ಬೆಳಗಿನ ಜಾವ ಶತಪಥನ ಮಗಳಿಗೆ ನೋವು ಕಾಣಿಸಿಕೊಂಡಿತು. ಚೊಚ್ಚಲ ಬಸಿರು. ಹೆಂಡತಿ, ಅಳಿಯ ಸೇರಿ ಅವಳನ್ನು ಕಾರಿನಲ್ಲಿ ಕೂರಿಸಿದರು. ಶತಪಥನೂ ಹತ್ತಲು ಹೋದ. ಹೆಂಡತಿ ಒಳಗಿನಿಂದ ಬಾಗಿಲನ್ನು ಎಳೆದುಕೊಂಡಳು.

"ನೀವು ಆಫೀಸಿಗೆ ಹೋಗಿ. ಆಸ್ಪತ್ರೆ ವರಾಂಡದಲ್ಲಿ ನೀವು ಓಡಾಡೋಕೆ ಶುರು ಮಾಡಿದ್ರೆ ನರ್ಸಮ್ಮನಿಗೆ ತಲೆ ಸುತ್ತು ಬರುತ್ತೆ. ಏನಾದ್ರೂ ಆದ ತಕ್ಷಣ ನಾನೇ ಫೋನ್ ಮಾಡ್ತೀನಿ."

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಶತಪಥ ಮನೆಯ ಮುಂದೆ ಸ್ವಲ್ಪ ಹೊತ್ತು ಓಡಾಡಿದ. ಆಮೇಲೆ, ರಜೆ ಕೇಳಿಕೊಂಡು ನೇರ ಆಸ್ಪತ್ರೆಗೇ ಹೋಗುವುದೆಂದು ತೀರ್ಮಾನಿಸಿ ಕಚೇರಿಗೆ ಬಂದ.

ಕಚೇರಿಯಲ್ಲಿ ಸಾಹೇಬರು ತಮ್ಮ ಮೇಜಿನ ಧೂಳನ್ನು ಸ್ವತಃ ತಾವೇ ಒರೆಸುತ್ತಿದ್ದರು. ಏನೋ ದೊಡ್ಡ ಗಂಡಾಂತರ ಕಾದಿದೆ ಎಂಬುದು ಅದರಿಂದಲೇ ಗೊತ್ತಾಗಬೇಕಿತ್ತು. ಶತಪಥ ತೊದಲುತ್ತಾ ವಿಷಯ ಹೇಳಿದ.

"ರಜೇನಾ? ಹೋದ ವಾರ ಪೂರ್ತಿ ರಜೆ ಹಾಕಿ ಮಗಳನ್ನ ಕರ್ಕೊಂಡು ಬಂದ್ರಲ್ಲ. ಇವತ್ತು ಸಂಜೆ ದೊಡ್ಡ ಮೇಡಂ ಬರ್ತಾರೆ ಕಣ್ರೀ, ನಮ್ಮ ನೆಲ ನೋಡೋಕೆ. ಕಚೇರಿಯಿಂದ ಒಂದು ನರಪಿಳ್ಳೆ ಅಲ್ಲಾಡೋ ಹಾಗಿಲ್ಲ," ಎಂದರು ಸಾಹೇಬರು. ಒಂದು ಕ್ಷಣ ಯೋಚಿಸಿ ತಿದ್ದಿಕೊಂಡರು. "ಅಂದ್ರೆ, ಹೊರಗೆ ಹೋಗೋ ಹಾಗಿಲ್ಲ. ಒಳಗೆ ಎಷ್ಟು ಬೇಕಾದ್ರೂ ಅಲ್ಲಾಡಿ."

ನೆಲ ಎಂದರೆ ಅಂತಿಂಥ ನೆಲವಲ್ಲ. ಶತಪಥ ರಜೆಯಲ್ಲಿದ್ದಾಗ ಕಚೇರಿಯ ಉದ್ದನೆಯ ಹಜಾರಕ್ಕೆ ಹೊಸದಾಗಿ ಹಾಕಿದ್ದು. ನೋಡಲು ಸಾಧಾರಣ ಬೂದುಬಣ್ಣದ ಚಪ್ಪಡಿಗಳು. ಆದರೆ ಒಂದೊಂದೂ ತುಳಿದರೆ ಕೂದಲೆಳೆಯಷ್ಟು ಕುಗ್ಗುತ್ತಿತ್ತು. ಕುಗ್ಗಿದ ಒತ್ತಡವನ್ನು ಅಡಿಯಲ್ಲಿದ್ದ ಯಂತ್ರ ಕರೆಂಟು ಮಾಡಿ ಮೇಲಿನ ದೀಪಗಳಿಗೂ ಫ್ಯಾನುಗಳಿಗೂ ಕಳಿಸುತ್ತಿತ್ತು. ಹೊಗೆಯಿಲ್ಲ, ಬೂದಿಯಿಲ್ಲ, ಕಲ್ಲಿದ್ದಲು ಬೇಡ, ನದಿಗೆ ಅಡ್ಡಗಟ್ಟೆ ಬೇಡ. ಅದನ್ನು ತಂದವನು ಒಬ್ಬ ಎಳೆಯ ಎಂಜಿನಿಯರ್. ಕಣ್ಣಲ್ಲಿ ನಿದ್ದೆಯಿಲ್ಲ, ಬಾಯಿಗೆ ಬಿಡುವಿಲ್ಲ. ಮುಂದೊಂದು ದಿನ ರೈಲು ನಿಲ್ದಾಣ, ಶಾಲೆ, ಮಾರುಕಟ್ಟೆ ಎಲ್ಲವೂ ವಿದ್ಯುತ್ ಕೇಂದ್ರಗಳಾಗುತ್ತವೆ, ಹಗಲಿಗೆ ಬಿಸಿಲಿದೆ, ಗುಡ್ಡಕ್ಕೆ ಗಾಳಿಯಿದೆ, ಕಡಲಿಗೆ ಅಲೆಯಿದೆ, ಇದ್ಯಾವುದೂ ಇಲ್ಲದ ಕಡೆ ಮನುಷ್ಯನ ಕಾಲಿದೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅವನ ಲೆಕ್ಕಾಚಾರದಲ್ಲಿ ಎಲ್ಲವೂ ಸರಿಯಿತ್ತು. ತಪ್ಪಿದ್ದು ಒಂದೇ. ಅವನು ಆ ನೆಲವನ್ನು ಸರ್ಕಾರಿ ಕಚೇರಿಯಲ್ಲಿ ಹಾಕಿದ್ದ.

ಪರೀಕ್ಷೆ ಮುಗಿಯುವವರೆಗೆ ಹಜಾರಕ್ಕೆ ಹಳೆಯ ಲೈನನ್ನು ಕಡಿದುಹಾಕಿದ್ದರು. ಕರೆಂಟನ್ನು ಕೂಡಿಡುವ ಬ್ಯಾಟರಿ ಇನ್ನೂ ಬಂದಿರಲಿಲ್ಲ. ಹಜಾರಕ್ಕೆ ಕಿಟಕಿಯೂ ಇರಲಿಲ್ಲ. ನಡೆದರೆ ಬೆಳಕು, ಕೂತರೆ ಕತ್ತಲು. ಕಚೇರಿಯವರು ಕತ್ತಲನ್ನೇ ಆರಿಸಿಕೊಂಡರು. ವಾರವಿಡೀ ಆ ನೆಲಕ್ಕೆ ಜೀವ ಬಂದದ್ದು ಊಟದ ಹೊತ್ತಿಗೆ ಮತ್ತು ಮನೆಗೆ ಹೊರಡುವ ಹೊತ್ತಿಗೆ. ಅದರಲ್ಲೂ ಮನೆಗೆ ಹೊರಡುವ ಹೊತ್ತಿಗೆ ಹಜಾರ ಮದುವೆಮನೆಯಂತೆ ಝಗಮಗಿಸುತ್ತಿತ್ತು. ಆದರೆ ಆ ಬೆಳಕಿನಲ್ಲಿ ಕೆಲಸ ಮಾಡಲು ಒಳಗೆ ಒಬ್ಬರೂ ಇರುತ್ತಿರಲಿಲ್ಲ.

ಹೀಗೇ ಆದರೆ ನೆಲವನ್ನು ಕಿತ್ತು ಬೇರೆ ಕಡೆ ಹಾಕುವುದಷ್ಟೇ ಅಲ್ಲ, ಈ ಕಚೇರಿಯನ್ನೇ ಮುಚ್ಚಿ ಊರಾಚೆಯ ದೊಡ್ಡ ಕಚೇರಿಗೆ ಸೇರಿಸಿಬಿಡುವುದಾಗಿ ದೊಡ್ಡ ಮೇಡಂ ಹೇಳಿಕಳಿಸಿದ್ದರು. ಎಳೆಯ ಎಂಜಿನಿಯರನ ಮುಖ ಸುಟ್ಟ ಬಲ್ಬಿನಂತಾಗಿತ್ತು. ಸಾಹೇಬರ ಮುಖ, ಇನ್ನೇನು ಸುಡಲಿರುವ ಬಲ್ಬಿನಂತೆ ಮಿಣುಕುತ್ತಿತ್ತು.

ಇದರ ಮೇಲೆ ಇನ್ನೊಂದು ಆಜ್ಞೆ ಹೊರಟಿತು. ಮೊಬೈಲುಗಳಿಂದ ತನ್ನ ಮೀಟರಿನ ಮುಳ್ಳು ತಪ್ಪು ತೋರಿಸುತ್ತದೆ ಎಂದು ಎಂಜಿನಿಯರ್ ಹೇಳಿದ್ದರಿಂದ ಎಲ್ಲರೂ ಮೊಬೈಲು ಆರಿಸಿ ಸಾಹೇಬರ ಕೋಣೆಯಲ್ಲಿಡಬೇಕಾಯಿತು. ಶತಪಥ ಕೊನೆಯದಾಗಿ ಹೆಂಡತಿಗೆ ಫೋನ್ ಮಾಡಿ, ಸುದ್ದಿ ಇದ್ದರೆ ದೂರು ವಿಭಾಗದ ನಂಬರಿಗೇ ಮಾಡು ಎಂದು ಹೇಳಿ, ಹಸುಗೂಸನ್ನು ಒಪ್ಪಿಸುವವನಂತೆ ಮೊಬೈಲನ್ನು ಎರಡೂ ಕೈಯಲ್ಲಿ ಸಾಹೇಬರಿಗೆ ಒಪ್ಪಿಸಿದ. ಅವನಿಗೆ ಒಂದು ವಿಷಯ ಆ ಗಾಬರಿಯಲ್ಲಿ ಹೊಳೆಯಲಿಲ್ಲ. ದೂರು ವಿಭಾಗದ ಫೋನು ಯಾರಿಗೂ ಸುಲಭಕ್ಕೆ ಸಿಗುವುದಿಲ್ಲ ಎಂಬುದೇ ಆ ಊರಿನ ದೊಡ್ಡ ದೂರಾಗಿತ್ತು.

ಬೆಳಗ್ಗೆ ಒಂದೆರಡು ಕರೆಗಳಿಗೆ ಶತಪಥನೇ ಉತ್ತರಿಸಿದ. ಆದರೆ ಫೋನೆತ್ತಿದ ಕೂಡಲೇ "ಹೇಗಿದ್ದಾಳೆ?" ಎಂದು ಕೇಳುತ್ತಿದ್ದುದರಿಂದ, ಕರೆಂಟು ಹೋಗಿದೆ ಎಂದು ಹೇಳಲು ಫೋನ್ ಮಾಡಿದವರು ತಬ್ಬಿಬ್ಬಾಗುತ್ತಿದ್ದರು. ಪಕ್ಕದ ಮೇಜಿನ ಅಕ್ಕ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳು ಆ ವಿಭಾಗದಲ್ಲಿ ಶತಪಥನಿಗಿಂತ ಹಳಬಳು. ವಯಸ್ಸಿನಲ್ಲಿ ಚಿಕ್ಕವಳಾದರೂ ಎಲ್ಲರಿಗೂ ಅಕ್ಕ. "ನೀವು ಸುಮ್ನೆ ಕೂತ್ಕೊಳ್ಳಿ ಅಣ್ಣ. ಫೋನ್ ನಾನು ನೋಡ್ಕೋತೀನಿ," ಎಂದಳು.

ಕೂತುಕೊಳ್ಳುವ ವಿದ್ಯೆ ಅವನಿಗೆ ಬರಬೇಕಲ್ಲ. ಎದ್ದ. ದೂರು ವಿಭಾಗದಿಂದ ಹಜಾರದ ಇನ್ನೊಂದು ತುದಿಯ ಕ್ಯಾಶ್ ಕೌಂಟರಿನವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ.

ಮೊದಲು ಗಮನಿಸಿದವನು ಕ್ಯಾಶಿಯರ್. ಅವನು ಕತ್ತಲಲ್ಲಿ ಗಲ್ಲಕ್ಕೆ ಕೈಯೂರಿ ಸುಖವಾಗಿ ತೂಕಡಿಸುತ್ತಿದ್ದ. ಇದ್ದಕ್ಕಿದ್ದಂತೆ ತಲೆಯ ಮೇಲಿನ ಫ್ಯಾನು ತಿರುಗಿತು. ಗಾಳಿಗೆ ರಸೀದಿಗಳು ಹಾರಿ ಮುಖಕ್ಕೆ ಬಡಿದವು. ಕಣ್ಣು ಬಿಟ್ಟರೆ ಹಜಾರದ ತುಂಬ ಬೆಳಕು. ಮನೆಗೆ ಹೊರಡುವ ಹೊತ್ತಾಯಿತೆಂದು ತಿಳಿದು ಅವನು ಊಟದ ಡಬ್ಬಿ ಎತ್ತಿಕೊಂಡು ಎದ್ದೇಬಿಟ್ಟ. ಎಂಜಿನಿಯರ್ ಓಡಿಬಂದು ಮೀಟರಿನ ಮುಂದೆ ನಿಂತ. ಮುಳ್ಳು ಇದುವರೆಗೆ ಕಾಣದ ಎತ್ತರಕ್ಕೆ ಏರಿತ್ತು. ಅವನು ಮುಳ್ಳನ್ನು ನೋಡಿದ, ಶತಪಥನ ಕಾಲುಗಳನ್ನು ನೋಡಿದ, ಮತ್ತೆ ಮುಳ್ಳನ್ನು ನೋಡಿದ.

"ಸಾರ್," ಎಂದ ಸಾಹೇಬರ ಕೋಣೆಗೆ ನುಗ್ಗಿ, "ನಿಮ್ಮ ಗುಮಾಸ್ತರು ಮನುಷ್ಯರಲ್ಲ. ಜಲಪಾತ."

ಸಾಹೇಬರು ಬಂದು ನೋಡಿದರು. ಉಳಿದವರು ನಡೆದರೆ ಅರ್ಧ ಹೆಜ್ಜೆ ಆಲೋಚನೆ, ಅರ್ಧ ಹೆಜ್ಜೆ ಆಲಸ್ಯ. ಶತಪಥನ ನಡಿಗೆಯಲ್ಲಿ ಒಂದೇ ತಾಳ, ಒಂದೇ ಭಾರ, ತುದಿಯಲ್ಲಿ ಗಕ್ಕನೆ ತಿರುಗುವಾಗ ಹಿಮ್ಮಡಿಯ ಮೇಲೊಂದು ಗುದ್ದು. ಆ ಗುದ್ದಿಗೆ ಟ್ಯೂಬ್‌ಲೈಟುಗಳು ಒಮ್ಮೆ ಫಳಕ್ಕೆನ್ನುತ್ತಿದ್ದವು. ಸಾಹೇಬರು ಅವನ ಮೇಜಿನ ಮೇಲಿದ್ದ ಕಡತಗಳನ್ನೆಲ್ಲ ಎತ್ತಿಸಿ ಬೇರೆಯವರಿಗೆ ಹಂಚಿದರು. ಕುರ್ಚಿಯನ್ನೂ ಎತ್ತಿಸಿದರು. ಶತಪಥ ಅದನ್ನೆಲ್ಲ ಗಮನಿಸಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಆಸ್ಪತ್ರೆಯ ಮುಚ್ಚಿದ ಬಾಗಿಲು.

ಸ್ವಲ್ಪ ಹೊತ್ತಿನಲ್ಲೇ ಫೋನು ಬಂತು. ಗರಗರ ಸದ್ದಿನ ನಡುವೆ ಒಬ್ಬ ಹೆಂಗಸಿನ ದನಿ.

"ಅಲ್ಲಿ ಬೆಳಗ್ಗೆ ಫೋನ್ ಎತ್ತಿದ್ರಲ್ಲ, ಅವರಿಗೆ ಹೇಳಿಬಿಡಿ ತಾಯಿ, ಬಂತು ಅಂತ. ಪಾಪ, ನಮಗಿಂತ ಅವರೇ ಹೆಚ್ಚು ಒದ್ದಾಡ್ತಿದ್ರು."

"ಬಂತಾ?" ಎಂದಳು ಅಕ್ಕ, ಎದೆಯ ಮೇಲೆ ಕೈಯಿಟ್ಟು. "ಯಾವಾಗ?"

"ಈಗಷ್ಟೇ. ತುಂಬ ಸತಾಯಿಸಿ ಬಂತು. ಬಂದಿದ್ದೇ ಬಂದಿದ್ದು, ಮನೆಯೆಲ್ಲ ಬೆಳಕಾಯ್ತು ನೋಡಿ."

ಹೆಚ್ಚು ಕೇಳುವಷ್ಟರಲ್ಲಿ ಲೈನು ಕಡಿದುಹೋಯಿತು. ಆದರೆ ಅಕ್ಕನಿಗೆ ಅಷ್ಟು ಸಾಕಾಗಿತ್ತು. ಮನೆ ಬೆಳಗಿತು ಎಂದಮೇಲೆ ಹೆಣ್ಣು ಕೂಸೇ ಸರಿ. ಶತಪಥ ಆಗ ಹಜಾರದ ಆ ತುದಿಯಲ್ಲಿದ್ದ. ಅವನ ಕಡೆಗೆ ಓಡಬೇಕೆಂದು ಎದ್ದವಳಿಗೆ ಸಾಹೇಬರೇ ಅಡ್ಡ ಸಿಕ್ಕರು. ಸುದ್ದಿಯನ್ನು ಅವರಿಗೆ ಮೊದಲು ಹೇಳಿದಳು. ಅದೇ ಅವಳು ಮಾಡಿದ ತಪ್ಪು.

ಸಾಹೇಬರು ಅವಳನ್ನು ಕೋಣೆಯೊಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಅವರ ಮುಖದ ಮೇಲೆ ಮೊದಲು ಸಂತೋಷ ಬಂತು, ಹಿಂದೆಯೇ ಭಯ ಬಂತು, ಕೊನೆಗೆ ಇವೆರಡನ್ನೂ ಪಕ್ಕಕ್ಕೆ ತಳ್ಳಿ ಒಂದು ಉಪಾಯ ಬಂತು.

"ಅಕ್ಕ, ಈ ಸುದ್ದೀನ ಈಗಲೇ ಹೇಳ್ಬೇಕಾ?"

ಹೇಳದೆ ಇರುವುದು ಪಾಪ ಎಂದಳು ಅಕ್ಕ. ಸಾಹೇಬರು ಒಪ್ಪಿದರು. ಪಾಪ ನಿಜ, ಆದರೆ ಸಂಜೆಯವರೆಗಿನ ಪಾಪ. ಸಿಹಿ ಸುದ್ದಿ ಹಾಲಿನ ಹಾಗಲ್ಲ, ನಾಲ್ಕು ಗಂಟೆ ಇಟ್ಟರೆ ಕೆಡುವುದಿಲ್ಲ. ಕೂಸಂತೂ ಎಲ್ಲಿಗೂ ಎದ್ದುಹೋಗುವುದಿಲ್ಲ. ಈಗ ಹೇಳಿದರೆ ಇವನು ಆಸ್ಪತ್ರೆಗೆ ಓಡುತ್ತಾನೆ, ಹಜಾರ ಕತ್ತಲಾಗುತ್ತದೆ, ಮೇಡಂ ಬಂದು ತಡಕಾಡುತ್ತಾ ಒಳಗೆ ಬರುತ್ತಾರೆ, ನಾಳೆಯಿಂದ ಅಕ್ಕ ಊರಾಚೆಯ ಕಚೇರಿಗೆ ಎರಡು ಬಸ್ಸು ಬದಲಿಸಿ ಹೋಗಬೇಕಾಗುತ್ತದೆ. ಬಸ್ಸಿನ ಮಾತು ಬಂದಾಗ ಅಕ್ಕ ನಿಟ್ಟುಸಿರುಬಿಟ್ಟು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಳು.

ಅಕ್ಕನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದೂ ಜರಡಿಯಲ್ಲಿ ನೀರು ನಿಲ್ಲುವುದೂ ಒಂದೇ. ಅವಳು ಪಕ್ಕದ ಮೇಜಿಗೆ ಮಾತ್ರ ಹೇಳಿದಳು. ಪಕ್ಕದ ಮೇಜು ಅದರ ಪಕ್ಕದ ಮೇಜಿಗೆ ಮಾತ್ರ ಹೇಳಿತು. ಊಟದ ಹೊತ್ತಿಗೆ ಸುದ್ದಿ ಕ್ಯಾಶ್ ಕೌಂಟರ್ ಮುಟ್ಟುವಷ್ಟರಲ್ಲಿ ಕೂಸಿಗೆ ಮೂರೂವರೆ ಕೆ.ಜಿ. ತೂಕ ಬಂದಿತ್ತು, ತಲೆತುಂಬ ಕೂದಲು ಬಂದಿತ್ತು, ಮೂಗು ಅಜ್ಜನದೇ ಎಂದು ತೀರ್ಮಾನವೂ ಆಗಿತ್ತು. ಯಾರೋ ಖುಷಿ ತಡೆಯಲಾರದೆ ಸಿಹಿ ತರಿಸಿದರು. ಎಲ್ಲರೂ ಮೇಜಿನ ಕೆಳಗೆ ಕೈಯಿಟ್ಟು ಹಂಚಿಕೊಂಡು, ಶತಪಥ ಹತ್ತಿರ ಬಂದಾಗಲೆಲ್ಲ ಬಾಯಿ ಮುಚ್ಚಿ ಮುಖ ತಿರುಗಿಸಿದರು.

ಶತಪಥನಿಗೆ ಕಂಡದ್ದು ಬೇರೆ. ತಾನು ಸಮೀಪಿಸಿದ ಕೂಡಲೇ ಮಾತು ನಿಲ್ಲುತ್ತದೆ. ಕೆನ್ನೆಗಳು ಉಬ್ಬಿಕೊಂಡಿವೆ, ಅಳು ನುಂಗಿದವರ ಹಾಗೆ. ಅಕ್ಕನ ಕಣ್ಣಲ್ಲಂತೂ ನೀರೇ ಇದೆ. "ಫೋನೇನಾದ್ರೂ ಬಂತಾ ಅಕ್ಕ?" ಎಂದು ಕೇಳಿದ. ಬಾಯಲ್ಲಿ ತುಂಬಿಕೊಂಡಿದ್ದ ಸಿಹಿಯಿಂದ ಮಾತಾಡಲಾಗದೆ ಅಕ್ಕ ತಲೆಯನ್ನು ಅಡ್ಡಡ್ಡಲಾಗಿ ಆಡಿಸಿದಳು. ಶತಪಥ ಅವಳ ಮುಖವನ್ನು ಒಂದು ಗಳಿಗೆ ನೋಡಿ, ತಿರುಗಿ, ಮೈಯೊಳಗೆ ಬಿರುಗಾಳಿ ಹೊಕ್ಕವನಂತೆ ನಡೆದ.

ಹಜಾರ ಹಗಲಿಗಿಂತ ಹಗಲಾಯಿತು. ಫ್ಯಾನುಗಳು ಕಾಣದಷ್ಟು ಜೋರಾಗಿ ತಿರುಗಿದವು. ಎರಡು ಬಲ್ಬುಗಳು ಟಪ್ಪೆಂದು ಸುಟ್ಟವು. ಇಷ್ಟು ಕರೆಂಟು ವ್ಯರ್ಥವಾಗಬಾರದೆಂದು ಎಂಜಿನಿಯರ್ ಸಾಹೇಬರ ಕೋಣೆಯ ಎಸಿಯನ್ನೂ ಅದೇ ಲೈನಿಗೆ ಕೊಟ್ಟ. ಸಾಹೇಬರು ತಂಪಿನಲ್ಲಿ ಕಣ್ಮುಚ್ಚಿ ಕೂತು, ಈ ಭವಿಷ್ಯದ ತಂತ್ರಜ್ಞಾನ ಎಷ್ಟು ಹಿತವಾಗಿದೆ ಎಂದುಕೊಂಡರು.

ಮಧ್ಯಾಹ್ನ ಇಳಿಯುತ್ತಿದ್ದಂತೆ ಎಸಿ ಗೊರಗೊರ ಎಂದು ನಿಂತಿತು. ಸಾಹೇಬರು ಹೊರಗೆ ಇಣುಕಿದರು. ಶತಪಥ ಗೋಡೆಗೆ ಒರಗಿ ಮೊಣಕಾಲು ನೀವಿಕೊಳ್ಳುತ್ತಿದ್ದ. ಮನುಷ್ಯನ ಕಾಲಿಗೂ ಒಂದು ಮಿತಿಯಿದೆ. ಬೆಳಗಿನಿಂದ ಊಟವನ್ನೂ ನಡೆಯುತ್ತಲೇ ಮಾಡಿದ್ದ. ಸಾಹೇಬರು ಹಿಂದಿನ ಬಾಗಿಲಿನಿಂದ ಕ್ಯಾಶಿಯರನನ್ನು ಕರೆದು, ಹೆರಿಗೆ ಕಷ್ಟವಾದ ಯಾವುದಾದರೂ ಕತೆ ಗೊತ್ತಿದ್ದರೆ ಹೋಗಿ ಅವನಿಗೆ ಹೇಳು ಎಂದರು. ಕ್ಯಾಶಿಯರ್ ಮೂಲತಃ ಸಾಧು ಪ್ರಾಣಿ. ಸಾಹೇಬರ ಮಾತು ಮೀರಲಾರದೆ ಹೋಗಿ ಶತಪಥನ ಪಕ್ಕ ನಿಂತ.

"ನಮ್ಮ ಅತ್ತಿಗೆಗೂ ಹೀಗೇ ಸಾರ್, ಬೆಳಗ್ಗೆ ಕರ್ಕೊಂಡು ಹೋದ್ರು, ಸಂಜೆ ಆದ್ರೂ ಸುದ್ದಿ ಇಲ್ಲ," ಎಂದು ಶುರುಮಾಡಿದ. ಶತಪಥ ಬೆನ್ನು ನೆಟ್ಟಗೆ ಮಾಡಿದ. ಒಂದು ದೀಪ ಹೊತ್ತಿತು. ಡಾಕ್ಟರು ಹೊರಗೆ ಬಂದರು, ಕನ್ನಡಕ ತೆಗೆದರು, ಏನೂ ಹೇಳದೆ ಮತ್ತೆ ಒಳಗೆ ಹೋದರು ಎಂದ. ಶತಪಥ ನಡೆಯತೊಡಗಿದ. ಕ್ಯಾಶಿಯರ್ ಜೊತೆಗೆ ಹೆಜ್ಜೆ ಹಾಕುತ್ತಾ ಕತೆ ಮುಂದುವರಿಸಿದ. ದೀಪಗಳೆಲ್ಲ ಹೊತ್ತಿದವು, ಎಸಿ ಉಸಿರೆಳೆದುಕೊಂಡಿತು. ಆದರೆ ಪಾಪದ ಮನುಷ್ಯನಿಗೆ ಕತೆಯನ್ನು ಕೆಡಿಸಿ ಅಭ್ಯಾಸವಿಲ್ಲ. "ಕೊನೆಗೆ ನೋಡಿದ್ರೆ ಅವಳಿ ಜವಳಿ ಸಾರ್. ಈಗ ಇಬ್ಬರೂ ಕಾಲೇಜಲ್ಲಿದ್ದಾರೆ," ಎಂದುಬಿಟ್ಟ. ಶತಪಥನ ಮುಖ ಅರಳಿತು. ನಡಿಗೆ ನಿಧಾನವಾಯಿತು. ದೀಪಗಳು ಬಾಡಿದವು. ಕೋಣೆಯ ಬಾಗಿಲಲ್ಲಿ ಸಾಹೇಬರು ಹಲ್ಲು ಕಡಿಯುತ್ತಿದ್ದುದನ್ನು ಕಂಡು ಕ್ಯಾಶಿಯರ್ ತಡವರಿಸಿ ಸೇರಿಸಿದ. "ಆದ್ರೆ ಸಾರ್, ಆ ಡಾಕ್ಟರ್ ಈಗಿಲ್ಲ. ಈಗಿರೋವ್ರು ಹೊಸಬರಂತೆ."

ಅಷ್ಟು ಸಾಕಾಯಿತು. ಶತಪಥ ಮತ್ತೆ ನಿಂತದ್ದು ದೊಡ್ಡ ಮೇಡಂ ಬಂದ ಮೇಲೆಯೇ.

ದೊಡ್ಡ ಮೇಡಂ ಹೆಸರಿಗೆ ತಕ್ಕಂತೆ ದೊಡ್ಡ ಅಧಿಕಾರಿ. ಮಾತು ಕಡಿಮೆ, ಕಣ್ಣು ಚುರುಕು. ಹಜಾರದ ಬಾಗಿಲು ತೆರೆದವರು ಬೆಳಕಿಗೆ ಕಣ್ಣು ಕಿರಿದು ಮಾಡಿದರು. ಎಂಜಿನಿಯರ್ ಮೀಟರಿನ ಮುಂದೆ ನಿಂತು, ಇಲ್ಲಿ ಉರಿಯುತ್ತಿರುವ ಒಂದೊಂದು ದೀಪವೂ ಇಲ್ಲಿಯ ಹೆಜ್ಜೆಗಳಿಂದಲೇ ಉರಿಯುತ್ತಿದೆ, ಒಂದು ಚಿಟಿಕೆ ಹೊಗೆಯೂ ಆಕಾಶಕ್ಕೆ ಹೋಗಿಲ್ಲ ಎಂದು ವಿವರಿಸಿದ. ಸಾಹೇಬರ ಸನ್ನೆಗೆ ಇಡೀ ಕಚೇರಿ ಎದ್ದು ನಡೆಯತೊಡಗಿತು. ಅದು ನೋಡಲು ಹೆಣದ ಹಿಂದೆ ಹೊರಟ ಮೆರವಣಿಗೆಯ ಹಾಗಿತ್ತು. ಅವರ ನಡುವೆ ಶತಪಥ ಮಾತ್ರ ಬೆವರಿಳಿಸುತ್ತಾ, ತುಟಿ ಅಲುಗಿಸುತ್ತಾ, ನೇಯ್ಗೆಯ ಲಾಳಿಯಂತೆ ಆ ಕಡೆಯಿಂದ ಈ ಕಡೆಗೆ ಓಡುತ್ತಿದ್ದ.

"ಅವರು ಯಾಕೆ ಹಾಗೆ ಓಡಾಡ್ತಿದ್ದಾರೆ?" ಎಂದು ಮೇಡಂ ಕೇಳಿದರು.

ಸಾಹೇಬರು ಕೈ ಹೊಸೆಯುತ್ತಾ, ಅದು ಕೆಲಸದ ಮೇಲಿನ ನಿಷ್ಠೆ ಎಂದರು. ಸರ್ಕಾರಿ ಸೇವೆಯಲ್ಲಿ ಅರ್ಧ ಆಯುಷ್ಯ ಕಳೆದಿದ್ದ ಮೇಡಂ ಅದನ್ನು ನಂಬಲಿಲ್ಲ. ನೇರ ಹೋಗಿ ಶತಪಥನ ದಾರಿಗೆ ಅಡ್ಡ ನಿಂತು, ಮೈಯಲ್ಲಿ ಹುಷಾರಿದೆಯೇ ಎಂದು ಕೇಳಿದರು.

"ಮಗಳು ಆಸ್ಪತ್ರೇಲಿದ್ದಾಳೆ ಮೇಡಂ. ಚೊಚ್ಚಲು. ಬೆಳಗ್ಗೆಯಿಂದ ಒಂದು ಸುದ್ದಿ ಇಲ್ಲ," ಎಂದ ಶತಪಥ. ನಿಂತಲ್ಲೇ ಅವನ ಕಾಲುಗಳು ಮಾತ್ರ ಮೆಟ್ಟುತ್ತಲೇ ಇದ್ದವು.

ಅಕ್ಕ ಇನ್ನು ತಡೆಯಲಾರದೆ ಹೋದಳು. ಎರಡಲ್ಲ, ಹತ್ತು ಬಸ್ಸು ಬದಲಿಸುವುದಾದರೂ ಸರಿ ಎನಿಸಿತು ಅವಳಿಗೆ. ಮುಂದೆ ಬಂದು ಅವನ ತೋಳು ಹಿಡಿದು, "ಅಣ್ಣ, ನೀವು ಬೆಳಗ್ಗೇನೇ ಅಜ್ಜ ಆದ್ರಿ. ಹೆಣ್ಣು ಮಗು. ಎಲ್ಲ ಸುಸೂತ್ರ. ನಾವೇ ಮುಚ್ಚಿಟ್ವಿ. ಕ್ಷಮಿಸಿಬಿಡಿ," ಎಂದು ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟಳು. ಹಿಂದಿನಿಂದ ಯಾರೋ, ಮೂಗು ನಿಮ್ಮದೇ ಅಂತೆ ಎಂದು ಸೇರಿಸಿದರು.

ಶತಪಥನ ಕಾಲು ನಿಂತಿತು. ಅವನು ಸುತ್ತ ಒಮ್ಮೆ ನೋಡಿದ. ಆಮೇಲೆ, ಆ ಕಚೇರಿಯಲ್ಲಿ ಯಾರೂ ಕಾಣದ ಒಂದು ಕೆಲಸ ಮಾಡಿದ. ಹಾಗೇ ನೆಲದ ಮೇಲೆ ಕುಳಿತುಕೊಂಡ. ಚಕ್ಕಳಮಕ್ಕಳ ಹಾಕಿ, ಅಲ್ಲಾಡದೆ, ಬಾಯಿತುಂಬ ನಗುತ್ತಾ ಕುಳಿತ.

ಉಳಿದವರೂ ನೋಡುತ್ತಾ ನಿಂತುಬಿಟ್ಟಿದ್ದರಿಂದ ಹಜಾರ ಗವ್ವೆಂದು ಕತ್ತಲಾಯಿತು.

ಕತ್ತಲಲ್ಲಿ ಮೇಡಂ ಅವರ ದನಿ ಮಾತ್ರ ಕೇಳಿಸಿತು. ಮೆಲ್ಲಗಿತ್ತು, ಅದಕ್ಕೇ ಹೆಚ್ಚು ಭಯವಾಗುತ್ತಿತ್ತು. "ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಕದ್ದರೆ ನಾವು ಜನರ ಮೇಲೆ ಕೇಸು ಹಾಕ್ತೀವಿ. ನೀವು ಒಬ್ಬ ಅಜ್ಜನಿಗೆ ಕೊಕ್ಕೆ ಹಾಕಿದ್ದೀರಲ್ಲ ಸಾಹೇಬ್ರೇ, ಇದಕ್ಕೆ ಯಾವ ಕೇಸು?"

ಮೇಡಂ ಅಲ್ಲಿಯೇ ಆಜ್ಞೆ ಹೊರಡಿಸಿದರು. ಶತಪಥ ಈಗಲೇ ಹೊರಡಬೇಕು, ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಹೋಗಬೇಕು, ಮಗಳು ಮೊಮ್ಮಗಳ ಜೊತೆ ಹದಿನೈದು ದಿನ ಇದ್ದು ಬರಬೇಕು. ಈ ಕಚೇರಿಯ ವಿಷಯ ನಾಳೆ ನೋಡೋಣ. ಆ ಕೊನೆಯ ಮಾತಿಗೆ ಕತ್ತಲೆ ಇನ್ನಷ್ಟು ಕಪ್ಪಾಯಿತು. ಎಂಜಿನಿಯರ್ ಮೀಟರನ್ನು ಅಪ್ಪಿಕೊಂಡು ನಿಂತಿದ್ದನೆಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ದೂರು ವಿಭಾಗದ ಫೋನು ರಿಂಗಾಯಿತು. ಅಕ್ಕ ತನ್ನ ಹೆಜ್ಜೆಯ ಮಿಣುಕು ಬೆಳಕಿನಲ್ಲೇ ತಡವಿಕೊಂಡು ಹೋಗಿ ಎತ್ತಿದಳು. ಬೆಳಗಿನ ಅದೇ ದನಿ.

"ಬೆಳಗ್ಗೆ ಬಂತು ಅಂತ ಹೇಳಿದ್ದೆನಲ್ಲ ತಾಯಿ, ಅದು ಮತ್ತೆ ಹೋಯ್ತು."

"ಏನು ಹೋಯ್ತು?" ಎಂದು ಅಕ್ಕ ಪಿಸುಗುಟ್ಟಿದಳು.

"ಇನ್ನೇನು ಹೋಗುತ್ತೆ, ಕರೆಂಟು. ನಮ್ಮ ಇಡೀ ಬೀದೀಲಿ ಇಲ್ಲ. ಬೆಳಗ್ಗೆ ಇದ್ದರಲ್ಲ, 'ಹೇಗಿದ್ದಾಳೆ' ಅಂತ ವಿಚಾರಿಸೋ ಪುಣ್ಯಾತ್ಮರು, ಅವರಿಗೆ ಕೊಡಿ ಫೋನು. ಅಷ್ಟು ಪ್ರೀತಿಯಿಂದ ನಿಮ್ಮ ಆಫೀಸಲ್ಲಿ ಯಾರೂ ಮಾತಾಡಿಸಿರಲಿಲ್ಲ."

ಅಕ್ಕ ಫೋನನ್ನು ಕೆಳಗಿಟ್ಟಳು. ಮೂರೂವರೆ ಕೆ.ಜಿ.ಯ ಕೂಸು, ಅದರ ತಲೆತುಂಬ ಕೂದಲು, ಅಜ್ಜನ ಮೂಗು, ಎಲ್ಲವೂ ಆ ಕತ್ತಲಲ್ಲಿ ಕರಗಿಹೋದವು. ಏನಾಯಿತೆಂದು ಮೇಡಂ ಕೇಳಿದರು. ಹೇಳದೆ ಗತಿಯಿರಲಿಲ್ಲ. ಹೇಳಿದಳು. ಶತಪಥ ಕುಳಿತಲ್ಲಿಂದಲೇ, ನನ್ನ ಮೊಬೈಲು ಕೊಡಿ ಎಂದ.

ಸಾಹೇಬರು ಸ್ವತಃ ಓಡಿಹೋಗಿ ತಂದರು. ಅವರ ಹೆಜ್ಜೆಗೆ ಮಿಣುಕಿದ ದೀಪಗಳು ಅವರು ನಿಂತ ಕೂಡಲೇ ಆರಿದವು. ಆನ್ ಮಾಡಿದ ಕೂಡಲೇ ಹೆಂಡತಿ ಮಾಡಿದ ಕರೆಗಳ ಸೂಚನೆಗಳು ಒಂದರ ಹಿಂದೊಂದು ಟಿಣಿಟಿಣಿ ಎಂದವು. ಶತಪಥ ಹೆಂಡತಿಯ ನಂಬರು ಒತ್ತಿದ. ಮೊಬೈಲಿನ ಬೆಳಕಿನಲ್ಲಿ ಅವನ ಮುಖವೊಂದೇ ಕಾಣುತ್ತಿತ್ತು. ಆಚೆ ಕಡೆಯಿಂದ ಹೆಂಡತಿಯ ದನಿ ಎಲ್ಲರಿಗೂ ಕೇಳಿಸಿತು.

"ಎಲ್ಲಿ ಹೋಗಿದ್ರಿ? ನಿಮ್ಮ ಆಫೀಸಿನ ನಂಬರಂತೂ ಈ ಜನ್ಮದಲ್ಲಿ ಸಿಗಲ್ಲ. ಅದು ಸುಳ್ಳು ನೋವಂತೆ ಕಣ್ರೀ. ಮಧ್ಯಾಹ್ನಾನೇ ಮನೆಗೆ ಬಂದ್ವಿ. ಚೆನ್ನಾಗಿ ಊಟ ಮಾಡಿ ಮಲಗಿದ್ದಾಳೆ. ಇನ್ನೂ ಹತ್ತು ಹದಿನೈದು ದಿನ ಹಿಡಿಯಬಹುದು, ನಾಳೇನೇ ಆದ್ರೂ ಆಗಬಹುದು, ಹೇಳೋಕಾಗಲ್ಲ ಅಂದ್ರು ಡಾಕ್ಟರು."

ಶತಪಥ ಮೊಬೈಲನ್ನು ಜೇಬಿಗಿಟ್ಟ. ಅಜ್ಜನ ಪದವಿ ಬಂದಷ್ಟೇ ಬೇಗ ಕೈಬಿಟ್ಟಿತ್ತು. ನಾಳೆಯೇ ಆಗಬಹುದು, ಹದಿನೈದು ದಿನ ಹಿಡಿಯಬಹುದು, ಹೇಳೋಕಾಗಲ್ಲ ಎಂದರೆ ಏನರ್ಥ? ಡಾಕ್ಟರಿಗೇ ಹೇಳೋಕಾಗದಿದ್ದರೆ ಇನ್ನಾರಿಗೆ ಹೇಳೋಕಾಗುತ್ತದೆ? ಕ್ಯಾಶಿಯರ್ ಹೇಳಿದಂತೆ ಆ ಡಾಕ್ಟರು ಹೊಸಬರೇ ಇರಬಹುದೇ? ರಾತ್ರಿಯೇ ಮತ್ತೆ ನೋವು ಬಂದರೆ? ಕಾರು ಕೈಕೊಟ್ಟರೆ?

ಅವನು ಎದ್ದು ನಿಂತ. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ಒಂದು ಹೆಜ್ಜೆ ಇಟ್ಟ. ಅವನ ತಲೆಯ ಮೇಲಿನ ದೀಪ ಕಣ್ಣು ಮಿಟುಕಿಸಿತು. ಇನ್ನೊಂದು ಹೆಜ್ಜೆ, ಮತ್ತೊಂದು ದೀಪ. ಕ್ಯಾಶ್ ಕೌಂಟರ್ ತಲುಪುವ ಹೊತ್ತಿಗೆ ಫ್ಯಾನುಗಳು ಎದ್ದವು. ಹಿಮ್ಮಡಿಯ ಮೇಲೆ ಗಕ್ಕನೆ ತಿರುಗಿದ ಗುದ್ದಿಗೆ ಹಜಾರವಿಡೀ ಫಳಕ್ಕೆಂದಿತು.

ಎಂಜಿನಿಯರ್ ಮೀಟರಿನ ಕಡೆ ಬೆರಳು ತೋರಿಸಿದ. ಮುಳ್ಳು ಬೆಳಗಿನ ಗುರುತನ್ನೂ ದಾಟಿ ಏರುತ್ತಿತ್ತು. ಮೇಡಂ ಮುಳ್ಳನ್ನು ನೋಡಿದರು, ಉರಿಯುವ ದೀಪಗಳನ್ನು ನೋಡಿದರು, ಬೆವರು ಒರೆಸಿಕೊಳ್ಳದೆ ನಡೆಯುತ್ತಿದ್ದ ಶತಪಥನನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಇಬ್ಬರು ಜಗಳವಾಡುತ್ತಿದ್ದಂತಿತ್ತು, ಒಬ್ಬಳು ತಾಯಿ, ಒಬ್ಬರು ಅಧಿಕಾರಿ. ತಾಯಿ ತಕ್ಕಮಟ್ಟಿಗೆ ಹೋರಾಡಿದಳು.

"ಮಗು ಇನ್ನೂ ಹುಟ್ಟಿಲ್ಲ ಅಂದಮೇಲೆ," ಎಂದರು ಮೇಡಂ ಕೊನೆಗೆ, ಯಾರ ಕಣ್ಣನ್ನೂ ನೋಡದೆ, "ರಜೆ ಈಗ್ಲೇ ಹಾಳು ಮಾಡೋದು ಬೇಡ. ಹುಟ್ಟಿದ ಮೇಲೆ ತಗೊಳ್ಳಲಿ. ಅಲ್ಲೀವರೆಗೆ ಪರೀಕ್ಷೆ ಮುಂದುವರೀಲಿ."

ಆ ಮಾತು ಶತಪಥನ ಕಿವಿಗೆ ಬೀಳಲಿಲ್ಲ. ಅವನು ಹಜಾರದ ಆ ತುದಿ ಮುಟ್ಟಿ ಹಿಂದಿರುಗುತ್ತಿದ್ದ. ಸಾಹೇಬರು ಸದ್ದಾಗದಂತೆ ತಮ್ಮ ಕೋಣೆಗೆ ಹೋಗಿ ಎಸಿ ಹಾಕಿಕೊಂಡರು.